ಹಳೆಯ ಸ್ಕೂಬಾ ಸಲಕರಣೆ: ತಯಾರಿಕೆಯ ವರ್ಷ ನೋಡಿ ತೀರ್ಮಾನಿಸಬಹುದೆ?

ಅಮೆರಿಕದ ಅನೇಕ ಡೈವಿಂಗ್ ಅಂಗಡಿಗಳು ಒಂದು ನಿಯಮ ಮಾಡಿಕೊಂಡಿವೆ: 1990ಕ್ಕೆ ಮೊದಲು ತಯಾರಾದ ಅಲ್ಯೂಮಿನಿಯಮ್ ಸಿಲಿಂಡರಿಗೆ ಗಾಳಿ ತುಂಬುವುದಿಲ್ಲ. ಸರ್ಕಾರ ಗೊತ್ತುಪಡಿಸಿದ ಪರೀಕ್ಷೆಗಳಲ್ಲೆಲ್ಲ ಆ ಸಿಲಿಂಡರು ತೇರ್ಗಡೆಯಾಗಿದ್ದರೂ ತುಂಬುವುದಿಲ್ಲ. ಹೊಸದನ್ನು ಕೊಳ್ಳಿ ಎನ್ನುತ್ತಾರೆ. ಇನ್ನೊಂದು ಕಡೆ ಹಳೆಯ ಮುಳುಗುಗಾರರ ಪಂಗಡವಿದೆ. "ಮೂವತ್ತು ವರ್ಷದಿಂದ ಒಂದು ದಿನವೂ ಕೈಕೊಟ್ಟಿಲ್ಲ, ಏಕೆ ಬದಲಿಸಬೇಕು?" ಎಂಬುದು ಅವರ ವಾದ. ಒಬ್ಬರು ವಯಸ್ಸನ್ನು ನೋಡುತ್ತಾರೆ, ಇನ್ನೊಬ್ಬರು ಕೆಲಸ ಮಾಡುತ್ತಿರುವುದನ್ನು ನೋಡುತ್ತಾರೆ. ಇಬ್ಬರೂ ತಮ್ಮದೇ ವೈಜ್ಞಾನಿಕ ನಿಲುವು ಎನ್ನುತ್ತಾರೆ. ಎರಡನ್ನೂ ಒರೆಗೆ ಹಚ್ಚಿ ನೋಡಿದರೆ ಯಾವುದೂ ಪೂರ್ತಿ ನಿಲ್ಲುವುದಿಲ್ಲ. ಒಂದು ವಸ್ತು ಹೇಗೆ ಕೆಡುತ್ತದೆ, ಕೆಡುವ ಮೊದಲು ಸೂಚನೆ ಕೊಡುತ್ತದೆಯೆ, ಆ ಸೂಚನೆಯನ್ನು ಹಿಡಿಯಬಲ್ಲ ಪರೀಕ್ಷೆ ಇದೆಯೆ ಎಂಬ ಪ್ರಶ್ನೆಗಳನ್ನು ಇಬ್ಬರೂ ಕೇಳುವುದಿಲ್ಲ.

ಸಲಕರಣೆಯ ಪರಿಚಯ ಮೊದಲು ಆಗಲಿ. ಸ್ಕೂಬಾ ಎಂದರೆ ಮುಳುಗುಗಾರ ತನ್ನ ಉಸಿರಿನ ಗಾಳಿಯನ್ನು ತಾನೇ ಹೊತ್ತೊಯ್ಯುವ ವ್ಯವಸ್ಥೆ. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ಅಧಿಕ ಒತ್ತಡದ ಗಾಳಿ ಇರುತ್ತದೆ. ರೆಗ್ಯುಲೇಟರು ಅದನ್ನು ಎರಡು ಹಂತಗಳಲ್ಲಿ ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಬಾಯಿಗೆ ಕೊಡುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುವುದರಿಂದ ಈ ಹೊಂದಾಣಿಕೆ ತಾನಾಗಿಯೇ ನಡೆಯಬೇಕು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ಇದನ್ನು ಸಾಧಿಸಿದರು. ಯುದ್ಧಕಾಲದ ಪೆಟ್ರೋಲು ಅಭಾವದಲ್ಲಿ ಮೋಟಾರು ವಾಹನಗಳನ್ನು ಅನಿಲದಿಂದ ಓಡಿಸಲು ಗಾನ್ಯಾಂ ರೂಪಿಸಿದ್ದ ಕವಾಟವೇ ಇದಕ್ಕೆ ಮೂಲ. ಎಂಜಿನ್ನಿಗೆಂದು ಮಾಡಿದ್ದು ಮನುಷ್ಯನ ಶ್ವಾಸಕೋಶಕ್ಕೆ ಒದಗಿತು!

ಬಹಳವಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಮ್ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಒತ್ತಡ 207 ಬಾರ್, ಅಂದರೆ ಚದರ ಅಂಗುಲಕ್ಕೆ 3,000 ಪೌಂಡ್. ಇದರಲ್ಲಿ ಅಡಗಿರುವ ಶಕ್ತಿ ಎಷ್ಟು? ಪಿ.ಯು. ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಶಾಖ ಒಳಬರಲು, ಹೊರಹೋಗಲು ಸಮಯ ಸಿಗದಷ್ಟು ಕ್ಷಿಪ್ರವಾಗಿ ಗಾಳಿ ಹಿಗ್ಗಿತೆಂದು ಭಾವಿಸಿ, ವಾತಾವರಣವನ್ನು ಹಿಂದಕ್ಕೆ ತಳ್ಳಲು ಖರ್ಚಾಗುವ ಪಾಲನ್ನು ಕಳೆದರೆ, ಸುಮಾರು 4 ಲಕ್ಷ ಜೂಲ್ ಬರುತ್ತದೆ. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಅದಕ್ಕಿರುವ ಚಲನಶಕ್ತಿಯೂ ಹೆಚ್ಚು ಕಡಿಮೆ ಇಷ್ಟೇ. ಅಂಗಡಿಯವನ ಅಂಜಿಕೆ ಹುಸಿಯಲ್ಲ ಎನ್ನುವುದಕ್ಕೆ ಈ ಸಂಖ್ಯೆ ಸಾಕು. ಸಿಲಿಂಡರು ಸಿಡಿದ ಪ್ರಕರಣಗಳಲ್ಲಿ ಹೆಚ್ಚಿನವು ಗಾಳಿ ತುಂಬುವ ವೇಳೆಯಲ್ಲೇ ನಡೆದಿವೆ. ಆಗ ಅದರ ಬಳಿ ನಿಂತಿರುವವನು ಸಿಲಿಂಡರಿನ ಮಾಲೀಕನಲ್ಲ, ತುಂಬುವವನು.

ಹಾಗಾದರೆ 1990 ಎಂಬ ಗಡಿ ಎಲ್ಲಿಂದ ಬಂತು? ಇದರ ಹಿಂದೆ ನಿಜವಾದ ಲೋಹವಿಜ್ಞಾನವಿದೆ. 1970ರ ದಶಕದಿಂದ ಅಮೆರಿಕದಲ್ಲಿ ತಯಾರಾದ ಅಲ್ಯೂಮಿನಿಯಮ್ ಸಿಲಿಂಡರುಗಳಲ್ಲಿ ಬಹುಪಾಲು 6351 ಎಂಬ ಮಿಶ್ರಲೋಹದವು. ಅಲ್ಯೂಮಿನಿಯಮ್ ಜೊತೆಗೆ ಸಿಲಿಕಾನ್, ಮೆಗ್ನೀಸಿಯಮ್, ಮ್ಯಾಂಗನೀಸ್ ಸೇರಿದ ಈ ಲೋಹ ಗಟ್ಟಿಮುಟ್ಟಾದದ್ದು. ಆದರೆ ಅದಕ್ಕೊಂದು ದೋಷ ಅಂಟಿಕೊಂಡಿತ್ತು. ಒಂದೇ ಸಮನಾದ ಒತ್ತಡವನ್ನು ವರ್ಷಗಟ್ಟಲೆ ಹೊತ್ತಿದ್ದರೆ, ಒತ್ತಡ ಏರಿಳಿಯದಿದ್ದರೂ, ಸಿಲಿಂಡರಿನ ಕತ್ತು ಮತ್ತು ಭುಜದ ಒಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಮೆಲ್ಲಗೆ ಬೆಳೆಯುತ್ತದೆ. ಇದನ್ನು ನಿರಂತರ ಹೊರೆಯ ಬಿರುಕು ಎನ್ನಬಹುದು. ಲೋಹದಲ್ಲಿ ಅಶುದ್ಧತೆಯಾಗಿ ಸೇರಿದ ಸೀಸದ ಪ್ರಮಾಣ ಹೆಚ್ಚಿದ್ದರೆ ಈ ಪ್ರವೃತ್ತಿಯೂ ಹೆಚ್ಚು. ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಲೋಹದ ದಣಿವಿಗೂ ಇದಕ್ಕೂ ವ್ಯತ್ಯಾಸವಿದೆ. ದಣಿವಿಗೆ ಹೊರೆ ಮತ್ತೆ ಮತ್ತೆ ಏರಿ ಇಳಿಯಬೇಕು. ಇಲ್ಲಿ ಮೂಲೆಯಲ್ಲಿ ಸುಮ್ಮನೆ ತುಂಬಿಟ್ಟ ಸಿಲಿಂಡರಿನಲ್ಲೂ ಬಿರುಕು ಬೆಳೆಯಬಲ್ಲದು.

ದೋಷ ತಿಳಿದ ಮೇಲೆ ತಯಾರಕರು ಲೋಹ ಬದಲಿಸಿದರು. ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1988ರ ಮಧ್ಯಭಾಗದಲ್ಲಿ 6061 ಎಂಬ ಮಿಶ್ರಲೋಹಕ್ಕೆ ಹೊರಳಿತು. 1980ರ ದಶಕದಲ್ಲಿ ಸಿಲಿಂಡರು ತಯಾರಿಕೆ ಆರಂಭಿಸಿದ ಕ್ಯಾಟಲೀನಾ ಕಂಪನಿಯಾದರೋ ಮೊದಲಿನಿಂದಲೂ 6061ನ್ನೇ ಬಳಸಿತು. ಈ ಲೋಹದಲ್ಲಿ ಆ ಬಗೆಯ ಬಿರುಕಿನ ಸಮಸ್ಯೆ ಕಂಡುಬಂದಿಲ್ಲ. 6351ರ ಸಿಲಿಂಡರುಗಳು ದಶಲಕ್ಷಗಟ್ಟಲೆ ತಯಾರಾಗಿದ್ದವು. 2000ದ ದಶಕದ ಆರಂಭದವರೆಗೆ ಅಮೆರಿಕದ ಸಾರಿಗೆ ಇಲಾಖೆಯ ಗಮನಕ್ಕೆ ಬಂದ ಸ್ಫೋಟಗಳು ಒಂದು ಡಜನ್ನಿನಷ್ಟು. ಬಿರುಕು ಬಿಟ್ಟವು ಕೂಡ ಹೆಚ್ಚಾಗಿ ಸೋರಿ ಸುಳಿವು ಕೊಡುತ್ತವೆ, ಸಿಡಿಯುವುದು ಅಪರೂಪ. ಇಲಾಖೆ ಇವುಗಳನ್ನು ನಿಷೇಧಿಸಲಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಮರುಪರೀಕ್ಷೆಯ ಜೊತೆಗೆ ಕತ್ತಿನ ಭಾಗಕ್ಕೆ ಸುಳಿ ವಿದ್ಯುತ್ ಪರೀಕ್ಷೆಯನ್ನೂ ಮಾಡಬೇಕೆಂದು 2006ರಲ್ಲಿ ನಿಯಮ ಹೊರಡಿಸಿತು. ಅದು 2007ರ ಜನವರಿಯಿಂದ ಜಾರಿಗೆ ಬಂತು.

ಈ ಹಿನ್ನೆಲೆಯಲ್ಲಿ ಅಂಗಡಿಗಳ ನಿಯಮವನ್ನು ಮತ್ತೊಮ್ಮೆ ನೋಡಿ. ದೋಷ ಇರುವುದು ಮಿಶ್ರಲೋಹದಲ್ಲಿ, ನಿಯಮ ಹೇಳುವುದು ವರ್ಷವನ್ನು. 1987ರ ಕ್ಯಾಟಲೀನಾ ಸಿಲಿಂಡರು ನಿರ್ದೋಷಿ ಲೋಹದ್ದಾದರೂ ಹೊರಗೆ ಬೀಳುತ್ತದೆ. ಕಂಪನಿಯ ಹೆಸರು, ತಯಾರಿಕೆಯ ತಿಂಗಳು, ವರ್ಷ ಎಲ್ಲವೂ ಸಿಲಿಂಡರಿನ ಭುಜದ ಮೇಲೆಯೇ ಕೆತ್ತಿರುತ್ತವೆ. ಅದನ್ನು ಓದಿ ಲೋಹ ಯಾವುದೆಂದು ತಿಳಿಯಲು ಒಂದು ಪಟ್ಟಿ ಸಾಕು. ಓದುವ ಶ್ರಮ ಉಳಿಸಲು ವರ್ಷದ ಗೆರೆ ಎಳೆದರು, ಅಷ್ಟೆ. ತನ್ನ ನೌಕರನ ಜೀವದ ಹೊಣೆ ಹೊತ್ತ ಅಂಗಡಿಯವನು, "ಅನುಮಾನವಿರುವುದನ್ನು ನಾನು ತುಂಬುವುದಿಲ್ಲ" ಎಂದರೆ ಅದು ಅವನ ಹಕ್ಕು. ವಿಮೆ ಕಂಪನಿಯ ಒತ್ತಾಯವೂ ಇರಬಹುದು. ಅದನ್ನು ವ್ಯಾಪಾರದ ಎಚ್ಚರಿಕೆ ಎಂದು ಕರೆಯೋಣ. "ಹಳೆಯ ಅಲ್ಯೂಮಿನಿಯಮ್ ಅಪಾಯಕಾರಿ" ಎಂಬ ವೈಜ್ಞಾನಿಕ ಹೇಳಿಕೆಯಾಗಿ ಅದು ಗ್ರಾಹಕರ ಕಿವಿಗೆ ಬೀಳುವಾಗ ಮಾತ್ರ ಆಕ್ಷೇಪಿಸಬೇಕಾಗುತ್ತದೆ. ಹೀಗೆ ಕೇಳಿಸಿಕೊಂಡವರು ಮುಂದೆ, "ಇಪ್ಪತ್ತು ವರ್ಷ ದಾಟಿದ್ದೆಲ್ಲ ಅಪಾಯ" ಎಂದು ನಿಯಮವನ್ನು ತಾವೇ ಹಿಗ್ಗಿಸಿಕೊಳ್ಳುತ್ತಾರೆ. ಒಳಗೆ ತೇವ ಹೋಗದಂತೆ ಕಾಪಾಡಿದ ಉಕ್ಕಿನ ಸಿಲಿಂಡರುಗಳು ಐವತ್ತು ವರ್ಷ ದಾಟಿಯೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿವೆ ಎಂಬ ಸಂಗತಿ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ಎದುರು ಪಕ್ಷ. "ಜಲಒತ್ತಡ ಪರೀಕ್ಷೆಯಲ್ಲಿ ಪಾಸಾಗಿದೆ, ಮತ್ತೇನು ಬೇಕು?" ಎಂದು ಹಳಬರು ಕೇಳುತ್ತಾರೆ. ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನು ನೋಡೋಣ. ಸಿಲಿಂಡರಿಗೆ ನೀರು ತುಂಬಿ, ಅದನ್ನು ನೀರು ತುಂಬಿದ ಇನ್ನೊಂದು ಪಾತ್ರೆಯೊಳಗೆ ಇಳಿಸಿ, ಬಳಕೆಯ ಒತ್ತಡದ ಮೂರನೇ ಐದರಷ್ಟು, ಅಂದರೆ 3,000 ಪೌಂಡಿನ ಸಿಲಿಂಡರಿಗೆ 5,000 ಪೌಂಡ್, ಒತ್ತಡ ಕೊಡುತ್ತಾರೆ. ಸಿಲಿಂಡರು ಉಬ್ಬಿದಷ್ಟೂ ಹೊರಪಾತ್ರೆಯ ನೀರು ಪಕ್ಕಕ್ಕೆ ಸರಿಯುತ್ತದೆ. ಒತ್ತಡ ತೆಗೆದ ಮೇಲೆ ಅದು ಮೊದಲಿನ ಗಾತ್ರಕ್ಕೆ ಮರಳಬೇಕು. ಮರಳದೆ ಉಳಿದ ಉಬ್ಬು ಒಟ್ಟು ಉಬ್ಬಿನ ಶೇ. 10ನ್ನು ಮೀರಿದರೆ ಸಿಲಿಂಡರು ತಿರಸ್ಕೃತ. ಸ್ಥಿತಿಸ್ಥಾಪಕತ್ವದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಗಾಳಿಯ ಬದಲು ನೀರನ್ನೇ ಏಕೆ ಬಳಸುತ್ತಾರೆ ಎಂದೂ ತರಗತಿಯಲ್ಲಿ ಕೇಳಬಹುದು. ನೀರು ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಅದರಲ್ಲಿ ಕೂಡಿಟ್ಟ ಶಕ್ತಿ ಅತ್ಯಲ್ಪ. ಪರೀಕ್ಷೆಯ ನಡುವೆ ಸಿಲಿಂಡರು ಬಿರಿದರೂ ಚೂರುಗಳು ಹಾರುವುದಿಲ್ಲ.

ಆದರೆ ಈ ಪರೀಕ್ಷೆ ಹೇಳುವುದು ಇಡೀ ಗೋಡೆಯ ವರ್ತನೆಯನ್ನು. ಗೋಡೆ ತೆಳುವಾಗಿದ್ದರೆ, ಬೆಂಕಿಯ ಶಾಖ ತಗಲಿ ಲೋಹ ಮೆದುವಾಗಿದ್ದರೆ ಸಿಕ್ಕಿಬೀಳುತ್ತದೆ. ದಪ್ಪನೆಯ ಕತ್ತಿನೊಳಗೆ, ಕವಾಟ ಕೂರುವ ಥ್ರೆಡ್‌ಗಳ ನಡುವೆ ಅಡಗಿದ ಒಂದು ಸಣ್ಣ ಬಿರುಕು ಸಿಲಿಂಡರಿನ ಒಟ್ಟು ಉಬ್ಬನ್ನು ಕದಲಿಸುವುದಿಲ್ಲ. ಆದ್ದರಿಂದಲೇ 6351ರ ಸಿಲಿಂಡರಿಗೆ ಬೇರೆ ಪರೀಕ್ಷೆ ಬೇಕಾಯಿತು. ಸುಳಿ ವಿದ್ಯುತ್ ಪರೀಕ್ಷೆಯಲ್ಲಿ ಪರ್ಯಾಯ ವಿದ್ಯುತ್ ಹರಿಯುವ ಪುಟ್ಟ ಸುರುಳಿಯನ್ನು ಕತ್ತಿನೊಳಗೆ ಥ್ರೆಡ್‌ಗಳ ಗುಂಟ ತಿರುಗಿಸುತ್ತಾರೆ. ಫ್ಯಾರಡೆ ನಿಯಮದಂತೆ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ ಪ್ರೇರಿತವಾಗುತ್ತದೆ. ಬಿರುಕು ಅಡ್ಡ ಬಂದರೆ ಆ ಸುಳಿಗಳು ದಾರಿ ಬದಲಿಸಬೇಕು. ಅದರ ಪರಿಣಾಮ ಸುರುಳಿಯ ಪ್ರತಿಬಾಧೆಯಲ್ಲಿ ಕಾಣುತ್ತದೆ. ಬಿರುಕು ಬೆಳೆಯಲು ವರ್ಷಗಳು ಬೇಕಾಗುವುದರಿಂದ ಗೊತ್ತಾದ ಅವಧಿಗೊಮ್ಮೆ ನೋಡುವುದಕ್ಕೆ ಅರ್ಥವಿದೆ. ಅಪಾಯ ನಿಧಾನವಾಗಿ ಬರುತ್ತದೆ, ಬರುವುದನ್ನು ಕಾಣುವ ಕಣ್ಣೂ ಇದೆ. ಇಲ್ಲಿ ವಯಸ್ಸಿನ ಗೆರೆಗಿಂತ ಪರೀಕ್ಷೆಯ ತಾರೀಖು ಹೆಚ್ಚು ತಿಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ, ಈ ಪರೀಕ್ಷೆ ಮಾಡುವ ಕೇಂದ್ರ ಸುತ್ತಮುತ್ತ ಇಲ್ಲದ ಊರಿನಲ್ಲಿರುವವನು 6351ರ ಸಿಲಿಂಡರನ್ನು ಕೈಬಿಡುವುದೇ ಸರಿ. ಅದು ಹಳೆಯದೆಂದಲ್ಲ, ಅದರೊಳಗೆ ಏನಾಗುತ್ತಿದೆ ಎಂದು ನೋಡುವ ದಾರಿ ಅವನಿಗಿಲ್ಲ ಎಂದು.

"ಮೂವತ್ತು ವರ್ಷ ಕೈಕೊಟ್ಟಿಲ್ಲ" ಎಂಬ ಮಾತಿಗೂ ಇದೇ ಉತ್ತರ. ಮೆಲ್ಲಗೆ ಬೆಳೆಯುವ ಬಿರುಕಿನ ವಿಷಯದಲ್ಲಿ ಇಪ್ಪತ್ತೊಂಬತ್ತು ವರ್ಷದ ಮೌನ ಮೂವತ್ತನೆಯ ವರ್ಷದ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲದೆ ಕೈಕೊಟ್ಟ ಸಲಕರಣೆಯ ಕಥೆ ಹೇಳಲು ಅದರ ಮಾಲೀಕ ಕೆಲವೊಮ್ಮೆ ಉಳಿದಿರುವುದಿಲ್ಲ. ಉಳಿದವರ ಅನುಭವವನ್ನಷ್ಟೇ ಒಟ್ಟುಮಾಡಿದರೆ ಪ್ರಪಂಚದ ಎಲ್ಲ ಹಳೆಯ ವಸ್ತುಗಳೂ ಗಟ್ಟಿಯಾಗಿಯೇ ಕಾಣುತ್ತವೆ.

ರೆಗ್ಯುಲೇಟರಿನ ಕಥೆ ಬೇರೆ. ಅದನ್ನು ನಮ್ಮ ಮನೆಯ ಪ್ರೆಷರ್ ಕುಕ್ಕರಿಗೆ ಹೋಲಿಸಬಹುದು. ಕುಕ್ಕರಿನ ಪಾತ್ರೆ ಒಂದು ತಲೆಮಾರು ಬಾಳುತ್ತದೆ. ಗ್ಯಾಸ್ಕೆಟ್ಟು ಮತ್ತು ಸುರಕ್ಷಾ ಕವಾಟವನ್ನು ಆಗಾಗ್ಗೆ ಬದಲಿಸುತ್ತೇವೆ. ಗ್ಯಾಸ್ಕೆಟ್ಟು ಸಡಿಲವಾಯಿತೆಂದು ಯಾರೂ ಕುಕ್ಕರನ್ನು ಗುಜರಿಗೆ ಹಾಕುವುದಿಲ್ಲ. ರೆಗ್ಯುಲೇಟರಿನ ಮೈ ಕ್ರೋಮಿಯಮ್ ಲೇಪಿಸಿದ ಹಿತ್ತಾಳೆ. ಸವೆಯುವುದು ಓ-ರಿಂಗ್‌ಗಳು, ಕವಾಟದ ಮೆತ್ತನೆಯ ಆಸನ, ರಬ್ಬರಿನ ಪೊರೆ. ಇವನ್ನು ಬದಲಿಸಿ, ಒಳಗಿನ ಉಪ್ಪನ್ನು ತೊಳೆದರೆ 1970ರ ದಶಕದ ರೆಗ್ಯುಲೇಟರೂ ಚೆನ್ನಾಗಿ ಉಸಿರು ಕೊಡುತ್ತದೆ. ಕೊಡುತ್ತದೆಯೋ ಇಲ್ಲವೋ ಎಂಬುದನ್ನು ಅಳೆಯಲೂಬಹುದು. ಯೂರೋಪಿನ ಮಾನಕ ಇಎನ್ 250ರ ಪ್ರಕಾರ 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಡುವಾಗ, ಉಸಿರಾಟದ ಶ್ರಮ ಲೀಟರಿಗೆ 3 ಜೂಲ್ ಮೀರಬಾರದು. ಈ ಅಂಕಿಗೆ ತಯಾರಿಕೆಯ ವರ್ಷ ತಿಳಿಯದು. ಬಿಡಿಭಾಗ ಸಿಗುವವರೆಗೆ ರೆಗ್ಯುಲೇಟರಿಗೆ ಮುಪ್ಪಿಲ್ಲ. ಬಿಡಿಭಾಗ ನಿಂತುಹೋದ ದಿನ ಅದರ ಆಯುಸ್ಸು ಮುಗಿಯಿತು, ನೋಡಲು ಎಷ್ಟೇ ಥಳಥಳಿಸುತ್ತಿದ್ದರೂ.

ಹೊಸದಾದಷ್ಟೂ ಕ್ಷೇಮ ಎಂಬ ನಂಬಿಕೆಯನ್ನೂ ಇಲ್ಲಿ ಸ್ವಲ್ಪ ಅಲುಗಾಡಿಸಬೇಕು. ವಿಮಾನಗಳ ನಿರ್ವಹಣೆಯಲ್ಲಿ ಈ ಪ್ರಶ್ನೆಯನ್ನು ಅಂಕಿಅಂಶಗಳ ಮೂಲಕ ಕೆದಕಿ ನೋಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಕರಾವಳಿ ವಿಭಾಗದಲ್ಲಿ ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು. ತಪಾಸಣೆಯ ಬೆನ್ನಲ್ಲೇ ಅನಿರೀಕ್ಷಿತ ರಿಪೇರಿಗಳು ಹೆಚ್ಚಾಗುವುದನ್ನು ಸಿ.ಎಚ್. ವಾಡಿಂಗ್ಟನ್ ಗುರುತಿಸಿದ. ಜೀವವಿಜ್ಞಾನದ ಅಧ್ಯಾಪಕರಿಗೆ ಈ ಹೆಸರು ಪರಿಚಿತವಿರಬಹುದು. ಎಪಿಜೆನೆಟಿಕ್ಸ್ ಎಂಬ ಪದವನ್ನು ಕೊಟ್ಟವನೂ ಈತನೇ. ಮುಂದೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗಾಗಿ ಸಿದ್ಧಪಡಿಸಿದ ವರದಿಯಲ್ಲಿ, ವಯಸ್ಸಾದಂತೆ ಕೆಡುವ ಸಂಭವ ಏರುತ್ತಾ ಹೋಗುವ ಬಿಡಿಭಾಗಗಳು ಶೇ. 11 ಮಾತ್ರ ಎಂದು ತೋರಿಸಿದರು. ಶೇ. 68ರಷ್ಟು ಭಾಗಗಳು ಹೊಸದಾಗಿ ಜೋಡಿಸಿದ ಹೊತ್ತಿನಲ್ಲೇ ಕೆಡುವ ಸಂಭವ ಹೆಚ್ಚು, ಆ ಕಂಟಕ ದಾಟಿದರೆ ಸ್ಥಿರವಾಗಿರುತ್ತವೆ. ವಿಮಾನದ ಅಂಕಿಗಳನ್ನು ರೆಗ್ಯುಲೇಟರಿಗೆ ನೇರವಾಗಿ ಹಚ್ಚಲಾಗದು. ಆದರೂ ಅನುಭವಿ ಮುಳುಗುಗಾರರು ಹೊಸದಾಗಿ ಕೊಂಡ ಅಥವಾ ಈಗಷ್ಟೇ ಸರ್ವಿಸ್ ಆದ ರೆಗ್ಯುಲೇಟರನ್ನು ಮೊದಲು ಆಳವಿಲ್ಲದ ನೀರಿನಲ್ಲಿ ಪರೀಕ್ಷಿಸಿ ನೋಡುವ ರೂಢಿ ಏಕೆ ಇಟ್ಟುಕೊಂಡಿದ್ದಾರೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಹಳೆಯದನ್ನು ಬಿಡಲೇಬೇಕಾದ ಸಂದರ್ಭವೂ ಇದೆ. ಅದರಲ್ಲಿ ಮುಖ್ಯವಾದದ್ದನ್ನು ವಯಸ್ಸಿನ ವಾದಿಗಳು ಎತ್ತುವುದು ಕಡಿಮೆ. 1950–60ರ ದಶಕಗಳ ಸ್ಕೂಬಾ ಸಲಕರಣೆಯಲ್ಲಿ ಎಷ್ಟೋ ವೇಳೆ ಒತ್ತಡಮಾಪಕವೇ ಇರುತ್ತಿರಲಿಲ್ಲ. ಗಾಳಿ ತೀರುತ್ತಾ ಬಂದಾಗ ಸ್ಪ್ರಿಂಗ್ ಕವಾಟವೊಂದು ಉಸಿರನ್ನು ಬಿಗಿಯಾಗಿಸುತ್ತಿತ್ತು. ಮುಳುಗುಗಾರ ಸರಳನ್ನು ಎಳೆದರೆ ಮೀಸಲು ಗಾಳಿ ಸಿಗುತ್ತಿತ್ತು. ಆ ಸರಳು ನೀರಿಗಿಳಿಯುವಾಗಲೇ ಎಲ್ಲೋ ತಗುಲಿ ಕೆಳಗೆ ಜಗ್ಗಿಹೋಗಿದ್ದರೆ ಎಚ್ಚರಿಕೆಯೂ ಇಲ್ಲ, ಮೀಸಲೂ ಇಲ್ಲ! ಜೊತೆಗಾರನಿಗೆ ಕೊಡಲು ಎರಡನೆಯ ಬಾಯಿಕೊಳವೆಯೂ ಇರುತ್ತಿರಲಿಲ್ಲ.

ಇದನ್ನು ಸಾವಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನಾಹುತಕ್ಕೆ ಮೊದಲ ಕಿಡಿ ಯಾವುದೆಂದು ಗುರುತಿಸಲು ಸಾಧ್ಯವಾದ 346 ಪ್ರಕರಣಗಳಲ್ಲಿ ಶೇ. 41 ಗಾಳಿ ಸಾಲದೆ ಹೋದವು, ಶೇ. 20 ಎಲ್ಲಾದರೂ ಸಿಕ್ಕಿಹಾಕಿಕೊಂಡವು, ಶೇ. 15 ಸಲಕರಣೆಯ ತೊಂದರೆಯವು. ಸಲಕರಣೆಯ ತೊಂದರೆ ಎಂದರೆ ಹಳೆಯ ಸಲಕರಣೆ ಎಂದಾಗಲೀ ಲೋಹ ಮುರಿಯಿತೆಂದಾಗಲೀ ಅರ್ಥವಲ್ಲ. ಬಳಸಲು ಬಾರದೆ ಆದ ಎಡವಟ್ಟೂ ಅದರಲ್ಲಿ ಸೇರುತ್ತದೆ. ಗಾಳಿ ತೀರುವುದೇ ಮೊದಲ ಶತ್ರುವಾದರೆ, ಒತ್ತಡಮಾಪಕವಿಲ್ಲದ ಸಲಕರಣೆ ಗಡಿಯಾರದಷ್ಟು ನಿಖರವಾಗಿ ಕೆಲಸ ಮಾಡುತ್ತಿದ್ದರೂ ಅದನ್ನು ಹಾಗೆಯೇ ಬಳಸುವುದು ಅವಿವೇಕ. ಅದು ಕೆಟ್ಟಿಲ್ಲ ನಿಜ, ಆದರೆ ಕೊಡಬೇಕಾದ ಮಾಹಿತಿಯನ್ನು ಅದು ಎಂದೂ ಕೊಡುತ್ತಿರಲಿಲ್ಲ. ಇಲ್ಲಿಯೂ ಪೂರ್ತಿ ಸೆಟ್ಟು ಎಸೆಯಬೇಕಾಗಿಲ್ಲ. ಮಾಪಕ ಮತ್ತು ಎರಡನೆಯ ಬಾಯಿಕೊಳವೆ ಜೋಡಿಸಲು ರಂಧ್ರವಿರುವ ಮೊದಲ ಹಂತದ ಭಾಗವೊಂದನ್ನು ಕೊಂಡರೆ ಆದೀತು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೈಗೆ ತೊಡುವ ನಿಯೋಪ್ರೀನ್ ಉಡುಪಿನೊಳಗಿನ ಅನಿಲದ ಗುಳ್ಳೆಗಳು ಆಳದ ಒತ್ತಡಕ್ಕೆ ಮತ್ತೆ ಮತ್ತೆ ಸಿಕ್ಕಿ ಕ್ರಮೇಣ ಕುಸಿಯುತ್ತವೆ. ಹರಿಯದಿದ್ದರೂ ಅದು ಶಾಖ ತಡೆಯುವುದಿಲ್ಲ. ಅಲ್ಲಿ ವಯಸ್ಸಿನ ವಾದವೇ ಸರಿ. ಕೊಳವೆಗಳಲ್ಲಿ ಇದಕ್ಕೆ ತಿರುವುಮುರುವಾದದ್ದೂ ನಡೆದಿದೆ. ಹೆಣೆದ ಹೊದಿಕೆಯ ಹೊಸ ಮಾದರಿಯ ಹಗುರ ಕೊಳವೆಗಳಲ್ಲಿ ಕೆಲವದರ ಒಳಪದರದ ಪಾಲಿಯುರೆಥೇನ್ ಬೆಚ್ಚಗಿನ ಪ್ರದೇಶಗಳಲ್ಲಿ ಹರಳುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿದ ಪ್ರಕರಣಗಳಿವೆ. ಹೊರಗಿನಿಂದ ನೋಡಿದರೆ ಕೊಳವೆ ಹೊಚ್ಚ ಹೊಸದು. ಹಳೆಯ ರಬ್ಬರ್ ಕೊಳವೆಯಾದರೆ ತುದಿಯಲ್ಲಿ ಬಿರಿದು, ಗುಳ್ಳೆಯೆದ್ದು ಮೊದಲೇ ಸಾರಿ ಹೇಳುತ್ತದೆ.

ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ನಡೆಯುತ್ತದೆ. ಅಲ್ಲಿ ಬಾಡಿಗೆ ಸಲಕರಣೆ ತೊಡುವ ವಿದ್ಯಾರ್ಥಿ "ಇದು ಎಷ್ಟು ಹಳೆಯದು?" ಎಂದು ಕೇಳಿದರೆ ಸಿಗುವ ಉತ್ತರದಿಂದ ಹೆಚ್ಚೇನೂ ತಿಳಿಯದು. ಸಿಲಿಂಡರಿನ ಭುಜದ ಮೇಲೆ ಕೊನೆಯ ಪರೀಕ್ಷೆಯ ತಾರೀಖು ಯಾವುದು, ರೆಗ್ಯುಲೇಟರು ಸರ್ವಿಸ್ ಆದದ್ದು ಯಾವಾಗ, ಮಾಪಕದ ಮುಳ್ಳು ಎಲ್ಲಿದೆ ಎಂದು ಕೇಳಿದರೆ ತಿಳಿಯುತ್ತದೆ.

ಸಮುದ್ರಕ್ಕೆ ಹೋಗದವರು ಅಡಿಗೆಮನೆಗೆ ಹೋಗಬಹುದು. ಎಲ್‌ಪಿಜಿ ಸಿಲಿಂಡರಿನ ಮೇಲಿನ ಹಿಡಿಕೆಯ ಪಟ್ಟಿಗಳ ಒಳಬದಿಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಬರೆದಿರುತ್ತದೆ. 'ಸಿ-27' ಎಂದಿದ್ದರೆ ಸಿ ಎಂಬುದು ವರ್ಷದ ಮೂರನೆಯ ತ್ರೈಮಾಸಿಕ, 27 ಎಂದರೆ 2027. ಇದನ್ನು ಸಿಲಿಂಡರಿನ "ಎಕ್ಸ್‌ಪೈರಿ ಡೇಟ್" ಎಂದು ಹಲವರು ಹೇಳುತ್ತಾರೆ, ಆ ತಿಂಗಳು ದಾಟಿದರೆ ಸಿಡಿಯುತ್ತದೆಂದು ಹೆದರಿಸುವ ಸಂದೇಶಗಳೂ ಮೊಬೈಲಿನಲ್ಲಿ ಹರಿದಾಡುತ್ತವೆ. ಅದು ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕಾದ ಗಡುವು. ಪರೀಕ್ಷೆಯಲ್ಲಿ ಪಾಸಾದ ಸಿಲಿಂಡರಿಗೆ ಹೊಸ ಅಕ್ಷರ, ಹೊಸ ಸಂಖ್ಯೆ ಬರೆದು ಮತ್ತೆ ಮನೆಗೆ ಕಳಿಸುತ್ತಾರೆ. ಗಡುವು ದಾಟಿದ ಸಿಲಿಂಡರು ಬಾಗಿಲಿಗೆ ಬಂದರೆ ತೆಗೆದುಕೊಳ್ಳದೆ ಹಿಂದಿರುಗಿಸಬಹುದು. ಮಕ್ಕಳಿಗೆ ತಮ್ಮ ಮನೆಯ ಸಿಲಿಂಡರಿನ ಗುರುತನ್ನು ಬರೆದುಕೊಂಡು ಬರಲು ಹೇಳಿದರೆ ಒಂದು ತರಗತಿಯಲ್ಲೇ ನಲವತ್ತು ದತ್ತಾಂಶಗಳು ಸಿಗುತ್ತವೆ. ಪಕ್ಕದಲ್ಲಿ ತಯಾರಿಕೆಯ ವರ್ಷ ಓದಲು ಸಿಕ್ಕರೆ ಅದನ್ನೂ ಬರೆಸಿ, ಎರಡಕ್ಕೂ ಇರುವ ಅಂತರವನ್ನು ಕಪ್ಪುಹಲಗೆಯ ಮೇಲೆ ನಕ್ಷೆಯಾಗಿ ಬಿಡಿಸಬಹುದು.